ಅತ್ತೆ ಬಾಯಿ ಮುಚ್ಚಿ ಕೂತ ಟೂರ್ನಿ

ನಮ್ಮತ್ತೆ ಸೈಮಿ ಕೆಂಟಲಾ ಮಾತು ಕಡಿಮೆಯ ಹೆಂಗಸು. ಹೀಗೆಂದರೆ ಹ್ಯಾಗರ್ಟಿ ಊರಿನವರು ಈಗಲೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆದರೆ ನಾನು ಅವರ ಜೊತೆ ಒಂದೇ ಅಡುಗೆಮನೆಯಲ್ಲಿ ಬಾಳಿದವಳು, ನನಗೆ ಗೊತ್ತು. ಅವರು ಮನೆಯಲ್ಲಿ ಇಡೀ ದಿನ ಆಡಿದ ಮಾತನ್ನು ಒಂದು ಕಾಫಿ ಬಟ್ಟಲಿಗೆ ಸುರಿದರೆ ಹಾಲಿಗೂ ಸಕ್ಕರೆಗೂ ಜಾಗ ಉಳಿಯುತ್ತಿತ್ತು. "ಬಾ", "ಉಣ್ಣು", "ಸೌದೆ ತಾ", ಇಷ್ಟರಲ್ಲೇ ಸಂಸಾರ. ಮದುವೆಯಾಗಿ ಬಂದ ಹೊಸದರಲ್ಲಿ ಅವರಿಗೆ ನನ್ನ ಮೇಲೇನೋ ಕೋಪವಿದೆ ಎಂದುಕೊಂಡು ಹಸುವಿನ ಕೊಟ್ಟಿಗೆಗೆ ಹೋಗಿ ಅತ್ತಿದ್ದೆ. ನನ್ನ ಗಂಡ ರೂಡಿ ಹುಡುಕಿಕೊಂಡು ಬಂದು, "ಕೋಪ ಬಂದ್ರೆ ಅಷ್ಟೂ ಆಡಲ್ಲ ಕಣೆ. ಅಮ್ಮ ಈಗ ಖುಷಿಯಾಗಿದಾಳೆ" ಎಂದ.

ಹಾಗೆ ಕೂಡಿಟ್ಟ ಮಾತನ್ನೆಲ್ಲ ಅವರು ಖರ್ಚು ಮಾಡುತ್ತಿದ್ದದ್ದು ಒಂದೇ ಕಡೆ, ನಮ್ಮ ಗಣಿ ಕಾಲೇಜಿನ ರಿಂಕಿನಲ್ಲಿ, ಅಂದರೆ ಮಂಜುಗಡ್ಡೆಯ ಮೇಲೆ ಹಾಕಿ ಆಡುವ ಕಟ್ಟಡದಲ್ಲಿ.

ಫಿನ್‌ಲೆಂಡಿನಿಂದ ಹಡಗು ಹತ್ತಿ ಈ ಗಣಿಯೂರಿಗೆ ಬಂದಾಗ ಅವರಿನ್ನೂ ಎರಡು ಜಡೆಯ ಹುಡುಗಿ. ತಾಮ್ರದ ಗಣಿಯವನನ್ನು ಮದುವೆಯಾದರು. ರೂಡಿ ತೊಟ್ಟಿಲಲ್ಲಿದ್ದಾಗಲೇ ಗಣಿಯೊಳಗೆ ಬಂಡೆ ಜಾರಿ ಮಾವ ಹೋದರು. ಒಂದು ಹಸು, ಒಂದು ದೊಡ್ಡ ಹಂಡೆ, ಒಂದು ಬಟ್ಟೆ ಉಜ್ಜುವ ಹಲಗೆ, ಇವೇ ಅವರ ಆಸ್ತಿ. ಕಾಲೇಜಿನ ಹಾಕಿ ಹುಡುಗರ ಅಂಗಿಗಳನ್ನು ಒಗೆಯಲು ಹಿಡಿದರು. ಆ ಅಂಗಿಗಳ ನಾತ ಎಂಥದ್ದೆಂದರೆ, ಮೂಟೆ ಬಿಚ್ಚಿದ ಕೂಡಲೇ ನಮ್ಮ ಬೆಕ್ಕು ಹಿಮದಲ್ಲೇ ಆಚೆ ಓಡುತ್ತಿತ್ತು. ಒಂದು ದಿನ ಒಗೆದ ಅಂಗಿಗಳನ್ನು ಕೊಡಲು ರಿಂಕಿಗೆ ಹೋದವರು ಆಟ ನೋಡುತ್ತ ನಿಂತರು. ತಾವು ಬೆಳಿಗ್ಗೆ ತಾನೆ ಇಸ್ತ್ರಿ ಮಾಡಿದ ಅಂಗಿಯ ಮೇಲೆ, ಎದುರಾಳಿ ಗೋಲ್‌ಕೀಪರ್ ಕೋಲು ಬೀಸಿ ನಮ್ಮ ಹುಡುಗನ ಮೂಗಿನ ರಕ್ತ ಇಳಿಸಿಬಿಟ್ಟ. ಅತ್ತೆಗೆ ಮೂಗಿನ ಚಿಂತೆ ಇರಲಿಲ್ಲ, ಮೂಗು ತಾನೇ ವಾಸಿಯಾಗುತ್ತದೆ. ಅಂಗಿಯನ್ನು ಒಗೆಯುವವರು ಯಾರು? ಗೋಲಿನ ಹಿಂದಿನ ತಂತಿಬಲೆಗೆ ಮುಖ ಒತ್ತಿ ಅವರು ಕೂಗಿದ ಮಾತಿಗೆ ಆ ಗೋಲ್‌ಕೀಪರ್ ಬೆಚ್ಚಿ ತಿರುಗಿದ. ಪಕ್ಕು, ಅಂದರೆ ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ, ಒಳಗೆ ಹೋಯಿತು.

ಅಂದಿನಿಂದ ಆ ತಂತಿಬಲೆಯ ಹಿಂದಿನ ಮೊದಲ ಬೆಂಚು ಅತ್ತೆಯದು. ಆಟ ಮೂರು ಭಾಗ. ಮೊದಲನೆಯದರಲ್ಲೂ ಮೂರನೆಯದರಲ್ಲೂ ಎದುರಾಳಿ ಗೋಲ್‌ಕೀಪರ್ ಅವರ ಮೂಗಿನ ಮುಂದೆ ನಿಲ್ಲುತ್ತಿದ್ದ. ನಡುವಿನ ಭಾಗದಲ್ಲಿ ಕಡೆ ಬದಲಾಗಿ ನಮ್ಮವನು ಬರುತ್ತಿದ್ದ, ಆಗ ಅತ್ತೆ ಕಾಫಿ ಕುಡಿದು ಗಂಟಲಿಗೆ ವಿಶ್ರಾಂತಿ ಕೊಡುತ್ತಿದ್ದರು. ಹೊಲಸು ಮಾತು ಒಂದೂ ಇಲ್ಲ. ಎಲ್ಲ ಮನೆವಾರ್ತೆಯ ಬೈಗುಳ. "ಏ, ಬಾಗಿಲು ಹಾಕ್ಕೊಳೋ, ಚಳಿ ಒಳಗೆ ಬರ್ತಿದೆ!" "ನಿಮ್ಮಮ್ಮ ಮಗನ್ನ ಹೆತ್ಲೋ ಜರಡೀನ ಹೆತ್ಲೋ?" "ನಿನ್ನ ಕಾಲ ಸಂದೀಲಿ ನಮ್ಮ ಹಸು ಕರು ಸಮೇತ ದಾಟುತ್ತೆ ಕಣೋ!" ಹಿಂದಿನ ಮೆಟ್ಟಿಲುಗಳಲ್ಲಿ ಕೂತ ಕಾಲೇಜು ಹುಡುಗರು ಅದನ್ನೇ ಹಿಡಿದು ಹಾಡುತ್ತಿದ್ದರು. ಅವರೆಲ್ಲರಿಗೂ ಅತ್ತೆ "ಮುಮ್ಮು", ಅಂದರೆ ಅಜ್ಜಿ. ಮುಮ್ಮುವಿನ ಬಾಯಿಗೆ ಆಟಕ್ಕೊಂದು ಗೋಲು ಖಾತ್ರಿ ಎಂದು ಊರಲ್ಲಿ ಮಾತು.

ಅದೇ ಬೆಂಚಿನಲ್ಲಿ, ಅದೇ ಕಂಬಳಿಯ ಇನ್ನೊಂದು ತುದಿಯನ್ನು ಹೊದ್ದು ಕೂರುತ್ತಿದ್ದವಳು ಎದುರುಮನೆಯ ಬ್ಲಾಂಚ್ ಟ್ರೆವಾರೊ. ಅವಳ ಹಿರಿಯರು ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯ ಗಣಿಯವರು. ಹಿಟ್ಟಿನೊಳಗೆ ಮಾಂಸ, ಆಲೂಗಡ್ಡೆ ತುಂಬಿ ಬೇಯಿಸುವ ಪಾಸ್ಟಿಯನ್ನು ಈ ಊರಿಗೆ ತಂದವರು ತಾವೇ ಎಂದು ಅವಳ ಜಂಬ. ಅತ್ತೆ ತಮ್ಮ ಪಾಸ್ಟಿಗೆ ಕ್ಯಾರೆಟ್ ಹಾಕುತ್ತಿದ್ದರು. ಅದು ದೇವರು ಕ್ಷಮಿಸದ ಪಾಪವೆಂದು ಬ್ಲಾಂಚ್ ಪ್ರತಿ ಚಳಿಗಾಲವೂ ಹೇಳುತ್ತಿದ್ದಳು. ಹೇಳುತ್ತಲೇ ಎರಡನೆಯದಕ್ಕೆ ಕೈ ಚಾಚುತ್ತಿದ್ದಳು.

ಈಗ ಆ ಮಾರ್ಚಿಗೆ ಬರುತ್ತೇನೆ.

ನಮ್ಮ ಭಾಗದ ಕಾಲೇಜುಗಳೆಲ್ಲ ಸೇರಿ ಒಂದು ಕೂಟ ಕಟ್ಟಿಕೊಂಡಿದ್ದವು. ಚಳಿಗಾಲವೆಲ್ಲ ಒಬ್ಬರ ಊರಿಗೊಬ್ಬರು ಹೋಗಿ ಆಡಿದ ಮೇಲೆ ಮಾರ್ಚಿನಲ್ಲಿ ಕೂಟದ ಟೂರ್ನಿ. ಮೊದಲ ಸುತ್ತಿಗೆ ಮೂರು ಆಟ, ಶುಕ್ರವಾರ, ಶನಿವಾರ, ಭಾನುವಾರ. ಎರಡು ಗೆದ್ದವರು ದೊಡ್ಡ ಪಟ್ಟಣದ ಸೆಮಿಫೈನಲಿಗೆ ಹೋಗುತ್ತಾರೆ, ಸೋತವರು ಮನೆಗೆ ಹೋಗಿ ಪುಸ್ತಕ ತೆರೆಯುತ್ತಾರೆ. ನಮ್ಮವರು ಆ ಪಟ್ಟಣ ಕಂಡು ಬಹಳ ಕಾಲವಾಗಿತ್ತು. ಆ ವರ್ಷ ನಮ್ಮ ರಿಂಕಿಗೇ ಆಟ ಬಂತು. ಎದುರಾಳಿ, ಪಡುವಣದ ಗೋಧಿ ಬಯಲಿನ ಒಂದು ಕಾಲೇಜು. ಅವರ ಗೋಲ್‌ಕೀಪರ್ ಲೋರ್ನ್ ಪಾವ್ಲಿಕ್ ಎಂಬ ಹುಡುಗ ಗೋಡೆಯಂಥವನು ಎಂದು ರೇಡಿಯೊದವರು ಹೇಳಿದ್ದರು. "ಗೋಡೆ ಆದ್ರೇನು, ಮುಮ್ಮು ಮೊಳೆ ಹೊಡೀತಾಳೆ" ಎಂದು ಕಟುಕರ ಅಂಗಡಿಯಲ್ಲಿ ಜನ ನಕ್ಕರು.

ಗುರುವಾರ ಆ ತಂಡದ ಬಸ್ಸು ಹಿಮದಲ್ಲಿ ಸಿಕ್ಕಿಹಾಕಿಕೊಂಡು, ಹೇಗೋ ಹಿಮ ತಳ್ಳುವ ಗಾಡಿಯ ಹಿಂದೆ ತೆವಳಿಕೊಂಡು ಊರು ಸೇರಿತು. ಸೇರಿದರೆ, ಅವರು ತಂಗಬೇಕಾಗಿದ್ದ ವಸತಿಗೃಹದ ನೀರಿನ ಕೊಳವೆಗಳು ಹೆಪ್ಪುಗಟ್ಟಿ ಒಡೆದು ಕೋಣೆಗಳೆಲ್ಲ ತಾವೇ ರಿಂಕಾಗಿದ್ದವು. ಪಾದ್ರಿಗಳು ಚರ್ಚಿನ ನೆಲಮಾಳಿಗೆಯಲ್ಲಿ ಹುಡುಗರನ್ನೆಲ್ಲ ಕೂರಿಸಿ, ಮನೆಗಿಷ್ಟು ಎಂದು ಹಂಚಲು ಶುರುಮಾಡಿದರು. ಆಗ ನಮ್ಮ ತಂಡದ ಕೋಚ್ ಡನೆಲಿಗೆ ಒಂದು ಉಪಾಯ ಹೊಳೆಯಿತು. ಆತ ಬಾಸ್ಟನ್ ಕಡೆಯವನು, ನಮ್ಮೂರಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಕಾಲೇಜಿನಲ್ಲಿ ಕಸಗುಡಿಸುವ, ಒಲೆ ನೋಡಿಕೊಳ್ಳುವ ಕೆಲಸದಲ್ಲಿದ್ದ ರೂಡಿಯನ್ನು ಮೂಲೆಗೆ ಕರೆದ.

"ಆ ಗೋಲ್‌ಕೀಪರನ್ನ ನಿಮ್ಮಮ್ಮನ ಮನೆಗೆ ಹಾಕಿಸ್ತಿದೀನಿ."

"ಯೋಚ್ನೆ ಮಾಡಿ ಹೇಳ್ತಿದೀರಾ, ಕೋಚ್?"

"ಯೋಚ್ನೆ ಮಾಡೇ ಹೇಳ್ತಿದೀನಿ. ರಿಂಕಲ್ಲಿ ಒಂದು ಗಂಟೆ ಆಯಮ್ಮನ ಬಾಯಿ ತಡ್ಕೊಳೋಕೆ ಆಗಲ್ಲ. ಇನ್ನು ಊಟಕ್ಕೆ, ತಿಂಡಿಗೆ, ನಿದ್ದೆಗೆ ಅದೇ ಬಾಯಿ ಅಂದ್ರೆ? ಭಾನುವಾರದ ಹೊತ್ತಿಗೆ ಹುಡುಗ ಪಕ್ ಕಂಡ್ರೆ ಅಳ್ತಾನೆ."

"ಅಲ್ಲ ಕೋಚ್, ನಮ್ಮಲ್ಲಿ ಮನೆಗೆ ಬಂದೋನನ್ನ..."

ಕೋಚ್ ಆಗಲೇ ಪಾದ್ರಿಗಳ ಕಡೆ ಹೊರಟಿದ್ದ. ಸುದ್ದಿ ತಿಳಿದ ಬ್ಲಾಂಚ್ ಕಿಟಕಿಯಿಂದಲೇ ಹಣೆ ಚಚ್ಚಿಕೊಂಡಳು. "ನನ್ನನ್ನಾದ್ರೂ ಕೇಳ್ಬಾರ್ದಿತ್ತಾ ಆ ಪೆದ್ದ! ಫಿನ್‌ಲೆಂಡಿನವಳ ಮನೆಗೆ ಶತ್ರುನ ಕಳ್ಸೋದೂ ಒಂದೆ, ಅವನಿಗೆ ಅಮ್ಮನ್ನ ದತ್ತು ಕೊಡೋದೂ ಒಂದೆ!"

ಹುಡುಗ ಬಂದ. ಬಾಗಿಲಿಗಿಂತ ಎತ್ತರ, ಪೊರಕೆಕಡ್ಡಿಯಂತೆ ಸಣಕಲು, ಹಾಸಿಗೆಯಷ್ಟು ದೊಡ್ಡ ಕಾಲುಪಟ್ಟಿಗಳನ್ನು ಹೆಗಲಿಗೆ ಹಾಕಿಕೊಂಡಿದ್ದ. ಹಿಮದಲ್ಲಿ ಬಸ್ಸು ತಳ್ಳಿ ಕೆಮ್ಮು ಹಿಡಿದಿತ್ತು. ಯಾರ ಮನೆಗೆ ಬಂದಿದ್ದೇನೆಂದು ಅವನಿಗೆ ಗೊತ್ತಿತ್ತು, ಗಲ್ಲಿಗೇರುವವನ ಹಾಗೆ ನೆಲ ನೋಡುತ್ತ ನಿಂತ.

ಅತ್ತೆ ಅವನನ್ನು ಮೇಲಿನಿಂದ ಕೆಳಗೆ ನೋಡಿದರು. "ಶೂ ಬಿಚ್ಚು" ಎಂದರು. ಬಿಚ್ಚಿದ. "ಉಣ್ಣು" ಎಂದರು. ಹಾಲು ಹಾಕಿದ ಮೀನಿನ ಸಾರನ್ನು ಎರಡು ಬಟ್ಟಲು ಉಂಡ. "ಸೌನಾ ಕಾದಿದೆ" ಎಂದರು.

ಹಿತ್ತಲ ಹಬೆಮನೆಯೇ ಸೌನಾ. ಕಾದ ಕಲ್ಲಿನ ಮೇಲೆ ನೀರು ಚೆಲ್ಲಿ, ಮರದ ಮೆಟ್ಟಿಲ ಮೇಲೆ ಕೂತು ಬೆವರುವುದು. ನಮ್ಮ ಫಿನ್‌ಲೆಂಡಿನವರಿಗೆ ಅದು ಚರ್ಚಿಗೆ ಸಮಾನ. ಅಲ್ಲಿ ಜಗಳವಿಲ್ಲ, ಸುಳ್ಳಿಲ್ಲ. ನಿಮ್ಮ ಸೌನಾದಲ್ಲಿ ಬೆವರಿದವನು ಊರು ಬಿಡುವವರೆಗೆ ನಿಮ್ಮವನು, ಅವನಿಗೆ ಕೆಟ್ಟ ಮಾತು ಆಡುವಂತಿಲ್ಲ. ರೂಡಿ ಅವನನ್ನು ಒಳಗೆ ಕರೆದೊಯ್ದು, ಬರ್ಚ್ ಮರದ ಸೊಪ್ಪಿನ ಕಟ್ಟಿನಿಂದ ಪದ್ಧತಿಯಂತೆ ಬೆನ್ನು ಬಡಿದು, ಬೀಟ್‌ರೂಟಿನ ಹಾಗೆ ಕೆಂಪಗೆ ಮಾಡಿ ಆಚೆ ತಂದ. ಅತ್ತೆ ಏಲಕ್ಕಿ ಬ್ರೆಡ್ಡು, ಕಾಫಿ ಕೊಟ್ಟರು. ಹುಡುಗ ಅನುಮಾನದಿಂದ ಕಾಫಿಯೊಳಗೆ ಇಣುಕಿ ನೋಡಿ, ಕೊನೆಗೆ ಕುಡಿದ. ಕುಡಿದು, "ಥ್ಯಾಂಕ್ಸ್, ಮುಮ್ಮು" ಎಂದ. ಆ ಹೆಸರನ್ನು ಅವನಿಗೆ ಯಾರು ಹೇಳಿಕೊಟ್ಟರೋ.

ಅವನು ಮಲಗಿದ ಮೇಲೆ ಕೇಳಿದೆ, "ಅತ್ತೆ, ನಾಳೆ ಏನ್ ಮಾಡ್ತೀರಿ?"

ಹಿಟ್ಟು ನಾದುತ್ತಿದ್ದ ಕೈ ನಿಂತಿತು. "ಏನ್ ಮಾಡೋದು? ಕೂತ್ಕೋತೀನಿ."

ಕೂತರು. ಶುಕ್ರವಾರ ಅದೇ ಬೆಂಚಿನಲ್ಲಿ, ತುಟಿಗೆ ಹೊಲಿಗೆ ಹಾಕಿದವರಂತೆ ಕೂತರು. ಲೋರ್ನ್ ಎರಡಡಿ ಮುಂದೆ ನಿಂತು ಬಂದ ಪಕ್ಕುಗಳನ್ನೆಲ್ಲ ನೊಣ ಹಿಡಿಯುವ ಹಾಗೆ ಹಿಡಿಯುತ್ತಿದ್ದ. ಆಗಾಗ ಹಿಂದಕ್ಕೊಂದು ಕಳ್ಳನೋಟ ಬೀರುತ್ತಿದ್ದ. ಅತ್ತೆ ಚಾವಣಿ ನೋಡುತ್ತಿದ್ದರು.

"ಸೈಮಿ, ಹಲ್ಲುನೋವಾ?" ಎಂದಳು ಬ್ಲಾಂಚ್.

"ಇಲ್ಲ."

"ಮತ್ತೆ ಏನಾದ್ರೂ ಅನ್ನೇ! ಜರಡಿ ಅನ್ನು! ಪೂರ್ತಿ ಜರಡಿ ಬೇಡ, ಸೋಸಣಿಗೆ ಅಂತಾದ್ರೂ ಅನ್ನು!"

ಹಿಂದಿನಿಂದ ಹುಡುಗರು "ಮುಮ್ಮು! ಮುಮ್ಮು!" ಎಂದು ಕಾಲು ಕುಟ್ಟಿದರು. ಅತ್ತೆ ಕಂಬಳಿಯನ್ನು ಕಿವಿಯವರೆಗೆ ಎಳೆದುಕೊಂಡರು. ನಮ್ಮವರು ಒಂದು ಗೋಲೂ ದಕ್ಕದೆ ಸೋತರು. ಆಚೆ ಬರುವಾಗ ಬಾಗಿಲಲ್ಲಿ ಕೋಚ್ ಅಡ್ಡ ನಿಂತ.

"ಏನಾಯ್ತು ಮುಮ್ಮು? ಗಂಟಲು ಕಟ್ಟಿದ್ಯಾ?"

"ನಮ್ಮನೇಲಿ ಬೆವರಿದಾನೆ" ಎಂದು ಅತ್ತೆ ಹೊರಟೇಬಿಟ್ಟರು.

ಕೋಚ್ ರೂಡಿಯ ಕಡೆ ತಿರುಗಿದ. "ಹಾಗಂದ್ರೇನು?"

"ಅದನ್ನೇ ನಿನ್ನೆ ಹೇಳೋಕ್ ಬಂದೆ. ನೀವು ಓಡಿಹೋದ್ರಿ."

ಶನಿವಾರ ಅತ್ತೆ ಮನೆಯಲ್ಲೇ ಉಳಿದರು. "ಬೈಯೋಕಾಗ್ದೆ ಅಲ್ಲಿ ಕೂರೋದು, ಉಪ್ಪಿಲ್ದೆ ಉಣ್ಣೋದು ಎರಡೂ ಒಂದೆ" ಎಂದರು. ಹುಡುಗನ ಹರಿದ ಕಾಲುಚೀಲ ಹೊಲಿಯುತ್ತ ಕೂತರು. ಬೈಗುಳದ ಬೆಂಚು ಖಾಲಿಯಾಯಿತಲ್ಲ, ಬ್ಲಾಂಚ್ ನಡುವಿಗೆ ಸರಿದು ಕೂತು ಅಧಿಕಾರ ವಹಿಸಿಕೊಂಡಳು. ನಾನು ಪಕ್ಕದಲ್ಲೇ ಇದ್ದೆ. ದೊಡ್ಡ ಬಾಯಿ, ಸಣ್ಣ ಸರಕು. "ಏ ಉದ್ದದ ಹುಡ್ಗ! ಅಷ್ಟುದ್ದ ಇದೀಯಲ್ಲ!" ಎಂದು ಕೂಗಿದಳು. ಆಮೇಲೆ, "ನಿನ್ ಕೋಲು ವಕ್ರ ಇದೆ!" ಎಂದಳು. ಹಾಕಿ ಕೋಲು ವಕ್ರವಾಗಿಯೇ ಇರುತ್ತದೆ. ಆದರೆ ದೈವಲೀಲೆ, ಆ ದಿನ ನಮ್ಮವರು ಗೆದ್ದರು.

ಬ್ಲಾಂಚ್ ಬೀದಿಯ ಆ ತುದಿಯಿಂದಲೇ ಶುರುಮಾಡಿದಳು. "ಸೈಮಿ! ಗೆದ್ವಿ! ನನ್ನ ಬಾಯಿಂದ ಗೆದ್ವಿ! ಇಷ್ಟು ವರ್ಷ ಸುಮ್ನೆ ನಿನ್ನ ಪಕ್ಕದಲ್ಲಿ ಕೂತು ನನ್ನ ಪ್ರತಿಭೆ ಹಾಳಾಯ್ತು!"

ಅತ್ತೆ ಕಿಟಕಿ ಮುಚ್ಚಿದರು. ಸೋತು ಬಂದ ಲೋರ್ನ್‌ಗೆ ಬಡಿಸಿದರು, ಅವನ ಎದೆಗೆ ಏನೋ ತೈಲ ಹಚ್ಚಲು ರೂಡಿಗೆ ಹೇಳಿದರು. ಆಮೇಲೆ ನನ್ನನ್ನು ಪಾತ್ರೆ ತೊಳೆಯುವ ನೆಪದಲ್ಲಿ ಹತ್ತಿರ ಕರೆದು, "ಏನಂತ ಕೂಗಿದ್ಳು?" ಎಂದರು. ಹೇಳಿದೆ.

"ಅದು ಬೈಗುಳಾನಾ? ಅದು ರೇಡಿಯೊ ಹವಾಮಾನ" ಎಂದರು. ಆಮೇಲೆ ಒಂದೇ ಬಟ್ಟಲನ್ನು ಮೂರು ಸಲ ಒರೆಸಿದರು. "ನಾನಿಲ್ದೇನೂ ಗೆಲ್ತಾರೆ, ಅಲ್ವಾ? ಎಲ್ಮಾ, ನನ್ನ ಬಾಯಿಗೊಂದು ಗೋಲು ಅಂತ ಊರೆಲ್ಲ ಹೇಳುತ್ತೆ. ಅದು ಸುಳ್ಳಾ?"

ಅವರು ಒಂದೇ ಉಸಿರಿಗೆ ಅಷ್ಟು ಮಾತು ಮನೆಯಲ್ಲಿ ಆಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಹಂಡೆ, ಹಲಗೆ, ಹಸು, ಇವೆಲ್ಲ ಹೊಟ್ಟೆಪಾಡು. ಆ ಬೆಂಚು ಒಂದೇ ಅವರು ತಮಗಾಗಿ ಗಳಿಸಿಕೊಂಡದ್ದು. ಅದು ಬರೀ ಮರದ ಹಲಗೆಯೋ ಏನಾದರೂ ಬೆಲೆ ಇರುವ ಜಾಗವೋ ಎಂಬ ಸಂಶಯ ಒಳಗೆ ಹೊಕ್ಕುಬಿಟ್ಟಿತ್ತು. "ನಾಳೆ ಬನ್ನಿ ಅತ್ತೆ" ಎಂದೆ, ಅಷ್ಟೆ.

ಭಾನುವಾರ ಬೆಳಿಗ್ಗೆ ಹುಡುಗನ ಕೆಮ್ಮು ಜಾಸ್ತಿಯಾಗಿತ್ತು. ಅತ್ತೆ ತಮ್ಮ ನೀಲಿ ಉಣ್ಣೆಪಟ್ಟಿಯನ್ನು ಅವನ ಕುತ್ತಿಗೆಗೆ ಸುತ್ತಿ, ಮುಂದೆ ಗಂಟು ಹಾಕಿ, "ಬಿಚ್ಬೇಡ" ಎಂದರು. "ಇಲ್ಲ ಮುಮ್ಮು" ಎಂದು ತಲೆಯಾಡಿಸಿ ಹೋದ.

ಮಧ್ಯಾಹ್ನದ ಆಟಕ್ಕೆ ಊರಿಗೆ ಊರೇ ಬಂದಿತ್ತು, ಪಾದ್ರಿಗಳು ಪ್ರಾರ್ಥನೆಯನ್ನು ಅರ್ಧಕ್ಕೆ ಕತ್ತರಿಸಿ ಬಂದಿದ್ದರು. ಅತ್ತೆ ತಮ್ಮ ಜಾಗದಲ್ಲಿ ಕೂತರು. ಬ್ಲಾಂಚ್ "ನಿನ್ನೆ ಕೆಲಸ ಮಾಡಿದ ಬಾಯಿ ಇದು, ಸ್ವಲ್ಪ ಸರಿ" ಎಂದು ಕಂಬಳಿಯನ್ನು ತನ್ನ ಕಡೆ ಎಳೆದುಕೊಂಡಳು. ಎದ್ದು, "ಏ ಜರಡಿ..." ಎಂದಳೋ ಇಲ್ಲವೋ, ಅತ್ತೆಯ ಮೊಣಕೈ ಅವಳ ಪಕ್ಕೆಗೆ ನಾಟಿತು.

"ನಮ್ಮನೆ ಹುಡುಗನಿಗೆ ಜರಡಿ ಅಂದ್ರೆ ಜೋಕೆ!"

"ನಿಮ್ಮನೆ ಹುಡುಗ? ಅಯ್ಯೋ ನನ್ನ ಪಕ್ಕೆ! ನೀನ್ಯಾರ ಕಡೆಯವಳೇ?"

"ಆಟ ನೋಡು."

ಮೂರನೆಯ ಭಾಗಕ್ಕೆ ಬಂದಾಗ ಎರಡೂ ಕಡೆ ಒಂದೊಂದು ಗೋಲು. ಲೋರ್ನ್ ಮತ್ತೆ ನಮ್ಮ ಮುಂದೆ ಬಂದು ನಿಂತ. ಮುಗಿಯಲು ಸ್ವಲ್ಪವೇ ಹೊತ್ತಿತ್ತು. ಪಕ್ಕು ದೂರ, ಆ ತುದಿಯಲ್ಲಿ, ನಮ್ಮವರ ಗೋಲಿನ ಹತ್ತಿರ ಗಿರಕಿ ಹೊಡೆಯುತ್ತಿತ್ತು. ಲೋರ್ನ್‌ಗೆ ಬಿಡುವು. ಅವನು ಮುಖವಾಡ ಮೇಲಕ್ಕೆತ್ತಿ, ಬಗ್ಗಿ, ಎದೆ ಕಿತ್ತು ಬರುವ ಹಾಗೆ ಕೆಮ್ಮಿದ. ಕುತ್ತಿಗೆ ಬರಿದಾಗಿತ್ತು.

ಅತ್ತೆಗೆ ಅದು ಆಟದ ಮೈದಾನ ಎಂಬುದೇ ಮರೆತುಹೋಯಿತು. ಮೂರು ದಿನ ಅದುಮಿಟ್ಟಿದ್ದ ಗಂಟಲು ಒಮ್ಮೆಗೇ ತೆರೆದುಕೊಂಡಿತು. ತಂತಿಬಲೆ ಹಿಡಿದು ಕೂಗಿದರು.

"ಲೋರ್ನ್! ಕುತ್ಗೆಗೆ ಕಟ್ಟಿದ್ದ ಪಟ್ಟಿ ಎಲ್ಲೋ, ಮಗಾ?"

ಹುಡುಗ ತಿರುಗಿದ. ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ ಅವನ ಕೈ ಕುತ್ತಿಗೆಗೆ ಹೋಯಿತು. ಅದೇ ಗಳಿಗೆಯಲ್ಲಿ ಆ ತುದಿಯಲ್ಲಿ ನಮ್ಮ ಹುಡುಗನೊಬ್ಬ, ಉಸಿರು ತೆಗೆದುಕೊಳ್ಳೋಣವೆಂದು, ಪಕ್ಕನ್ನು ಸುಮ್ಮನೆ ಈ ಕಡೆಗೆ ತಳ್ಳಿದ್ದ. ಅದು ಇಡೀ ಮಂಜುಗಡ್ಡೆಯ ಉದ್ದಕ್ಕೂ, ಸಂತೆಯಿಂದ ಮನೆಗೆ ಬರುವ ಮುದುಕಿಯ ಹಾಗೆ, ಅವಸರವಿಲ್ಲದೆ ಜಾರಿಕೊಂಡು ಬಂತು. ಅವನ ಕಾಲುಗಳ ನಡುವೆ ಹಾದು ಒಳಗೆ ಹೋಗಿ ಕೂತಿತು.

ಗೋಲಾಯಿತೆಂದು ಸಾರುವ ಕೆಂಪು ದೀಪ ಹತ್ತಿತು. ಚಾವಣಿ ಹಾರಿಹೋಗುವಷ್ಟು ಗದ್ದಲ. ಬ್ಯಾಂಡಿನವರು ಬೇರೆ ಬೇರೆ ಹಾಡನ್ನು ಒಟ್ಟಿಗೇ ಬಾರಿಸಿದರು. ಬ್ಲಾಂಚ್ ಅತ್ತೆಯನ್ನು ತಬ್ಬಿ, "ಎಂಥಾ ಕಿಲಾಡಿ ನೀನು! ಮೂರು ದಿನದಿಂದ ಇದಕ್ಕೇ ಹೊಂಚು ಹಾಕಿ ಕೂತಿದ್ಯಾ!" ಎಂದು ಕೆನ್ನೆಗೆ ಮುತ್ತಿಟ್ಟಳು.

ಅತ್ತೆಯ ಮುಖ ಹಾಲಿನಂತೆ ಬಿಳಿಚಿಕೊಂಡಿತ್ತು. ಅವಳನ್ನು ತಳ್ಳಿ, ಕಂಬಳಿ ಬಿಸಾಡಿ, ಜನರ ಕಾಲು ತುಳಿದುಕೊಂಡು ರಿಂಕಿನ ಮಂಜುಗಡ್ಡೆಗೆ ಇಳಿಯುವ ಬಾಗಿಲಿಗೆ ಹೋದರು. ನಾನು ಹಿಂದೆ ಓಡಿದೆ. ಬಾಗಿಲನ್ನು ಬೂಟುಗಾಲಿನಿಂದ ಒದ್ದರು. ಪಟ್ಟೆ ಅಂಗಿಯ ರೆಫರಿ ಜಾರಿಕೊಂಡು ಬಂದ.

"ಏನಮ್ಮಾ?"

"ಆ ಗೋಲು ತೆಗೀರಿ."

"ಯಾಕೆ?"

"ಅದು ಮೋಸದ್ದು. ನಾನು ಕೂಗಿದೆ, ಹುಡುಗ ತಿರುಗ್ದ."

ರೆಫರಿ ಸೀಟಿಯಿಂದ ಗಲ್ಲ ಕೆರೆದುಕೊಂಡ. "ನೀವು ಆ ತಂಡದವರಾ?"

"ಬಾಯಿ ಮುಚ್ಚು! ನಾನು ಈ ಊರಿನವಳು. ನಮ್ಮ ತಂಡದ ಅಂಗಿ ಒಗೆದ ಕೈ ಇದು."

"ಅಂದ್ರೆ ನಿಮ್ಮ ತಂಡದ ಗೋಲನ್ನೇ ನೀವು ತೆಗೆಸ್ತಿದೀರಾ?"

"ಅವನು ನಮ್ಮನೇಲಿ ಉಂಡಿದಾನೆ."

"ಅಮ್ಮಾ, ಯಾರು ಯಾರ ಮನೇಲಿ ಉಂಡ್ರು ಅಂತ ನೋಡೋ ನಿಯಮ ನನ್ನ ಹತ್ರ ಇಲ್ಲ."

"ನಿಯಮ ಇಲ್ದೆ ಇದ್ರೆ ಮಾಡ್ಕೊ! ಸೀಟಿ ಇದೆಯಲ್ಲ!"

ಅಷ್ಟರಲ್ಲಿ ಕೋಚ್ ಡನೆಲಿ ಆ ಕಡೆಯಿಂದ ಕಿರುಚುತ್ತಿದ್ದ, "ಯಾರಾದ್ರೂ ಆ ಅಜ್ಜೀನ ಕೂರ್ಸ್ರಪ್ಪಾ! ಗೆಲ್ಲಿಸ್ದೋಳೂ ಅವಳೇ, ಸೋಲಿಸೋಳೂ ಅವಳೇ!" ರೂಡಿ ಬಂದು ಅಮ್ಮನನ್ನು ತೋಳು ಹಿಡಿದು ಕರೆದೊಯ್ದ. ಗೋಲು ಉಳಿಯಿತು. ನಮ್ಮವರು ಗೆದ್ದರು. ಹುಡುಗರು ಮುಮ್ಮುವನ್ನು ಹೆಗಲ ಮೇಲೆ ಹೊರಬೇಕೆಂದು ಹುಡುಕುತ್ತಿದ್ದಾಗ ಮುಮ್ಮು ಮನೆಗೆ ಹೋಗಿ ಸೌನಾಕ್ಕೆ ಸೌದೆ ಒಟ್ಟುತ್ತಿದ್ದರು.

ರಸ್ತೆಯ ಹಿಮ ಇನ್ನೂ ತೆಗೆಯುತ್ತಿದ್ದರು, ಬಸ್ಸು ಹೊರಡಲು ಹೊತ್ತಿತ್ತು. ಲೋರ್ನ್ ತನ್ನ ಚೀಲ ತೆಗೆದುಕೊಳ್ಳಲು ಬಂದಾಗ ಬ್ಲಾಂಚ್ ಆಗಲೇ ನಮ್ಮ ಅಡುಗೆಮನೆಯಲ್ಲಿ ಕೂತು ಕ್ಯಾರೆಟ್ ಪಾಸ್ಟಿ ಮುಕ್ಕುತ್ತಿದ್ದಳು. ಅತ್ತೆ ನೇರವಾಗಿ ಕೇಳಿದರು.

"ನನ್ನ ಕೂಗು ಕೇಳಿ ತಿರುಗಿದ್ಯಾ?"

ಹುಡುಗ ಒಮ್ಮೆ ಅವರ ಮುಖ ನೋಡಿದ. "ಇಲ್ಲ ಮುಮ್ಮು. ನಂಗೇನೂ ಕೇಳಿಸ್ಲಿಲ್ಲ. ಬ್ಯಾಂಡು, ಗಲಾಟೆ, ಅಲ್ಲಿ ನಿಂತೋರಿಗೆ ಯಾರ ಮಾತೂ ಕೇಳಲ್ಲ. ಪಕ್ ಏನೋ ಪುಟಿದುಬಿಡ್ತು."

ಅತ್ತೆ ಉಸಿರುಬಿಟ್ಟರು, ದೊಡ್ಡ ಹೊರೆ ಇಳಿದ ಹಾಗೆ. ಆದರೆ ಬ್ಲಾಂಚ್ ಪಾಸ್ಟಿ ಕೆಳಗಿಟ್ಟಳು. "ಹೌದೇನೋ? ಅಲ್ಲಿ ನಿಂತೋರಿಗೆ ಏನೂ ಕೇಳಲ್ವಾ?" ಎಂದಳು. ಅತ್ತೆಯ ಕಡೆ ತಿರುಗಿ, ಪಕ್ಕೆ ಸವರಿಕೊಳ್ಳುತ್ತ, "ಹಾಗಾದ್ರೆ ಸೈಮಿ, ಇಷ್ಟು ಚಳಿಗಾಲ ನೀನು ತಂತಿಬಲೆಗೆ ಬೈದೆ ಅಂತಾಯ್ತು!" ಎಂದು ನಗುತ್ತ ಮನೆಗೆ ಹೋದಳು.

ಅತ್ತೆ ನಿಂತಲ್ಲೇ ನಿಂತರು. ಕೇಳಿಸಿದ್ದರೆ, ಅತಿಥಿಗೆ ದ್ರೋಹ. ಕೇಳಿಸದಿದ್ದರೆ, ತಮ್ಮ ಬಾಯಿ, ಬೆಂಚು, ಗೋಲುಗಳೆಲ್ಲ ಗಾಳಿಗೆ. ಎರಡರಲ್ಲಿ ಯಾವುದು ಆಗಲಿ ಎಂದು ದೇವರನ್ನು ಕೇಳಿಕೊಳ್ಳುವುದು? ಸ್ವಲ್ಪ ಹೊತ್ತಿನ ಮೇಲೆ ಅವರು ಹುಡುಗನಿಗೆ ಟವೆಲ್ಲು ಕೊಟ್ಟರು.

"ಸೌನಾಕ್ಕೆ ನಡಿ."

ನಮ್ಮಲ್ಲಿ ಸೌನಾ ಶನಿವಾರದ್ದು, ಅತಿಥಿ ಬಂದ ದಿನ ಬಿಟ್ಟರೆ ಬೇರೆ ದಿನ ಕಾಯಿಸುವುದು ಹೆಣ ತೊಳೆಯಲು ಮಾತ್ರ. ಭಾನುವಾರ ನಮ್ಮ ಹಿತ್ತಿಲಲ್ಲಿ ಹೊಗೆ ಎದ್ದದ್ದು ನೋಡಿ ಮೂರು ಮನೆಯವರು ಯಾರು ತೀರಿಕೊಂಡರೆಂದು ಕೇಳಿಕೊಂಡು ಬಂದರು. ರೂಡಿಯೂ ಲೋರ್ನನೂ ಒಳಗೆ ಹೋದ ಮೇಲೆ ಅತ್ತೆ ಬಟ್ಟೆ ಬಿಚ್ಚುವ ಹೊರಕೋಣೆಯಲ್ಲಿ, ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು, ಮಗುಚಿದ ಬಕೆಟ್ಟಿನ ಮೇಲೆ ಕೂತರು. ನಾನು ಒಗೆದ ಟವೆಲ್ಲು ಹಿಡಿದು ಪಕ್ಕದಲ್ಲಿ ನಿಂತಿದ್ದೆ.

"ಲೋರ್ನ್! ಅದು ಸೌನಾ. ಅಲ್ಲಿ ಸುಳ್ಳು ಹೇಳ್ಬಾರ್ದು, ಗೊತ್ತಾ?"

"ಗೊತ್ತು ಮುಮ್ಮು."

"ನನ್ನ ಕೂಗು ಕೇಳಿಸ್ತಾ?"

ಒಳಗಿನಿಂದ ಕೆಮ್ಮು ಮಾತ್ರ ಬಂತು.

"ರೂಡಿ, ನೀರು ಹಾಕು."

ಕಲ್ಲು ಚುಯ್ ಎಂದಿತು. "ಅಮ್ಮಾ, ನಾನೂ ಒಳಗಿದೀನಿ!" ಎಂದು ರೂಡಿ ಕೂಗಿದ.

"ಇರು. ಇನ್ನೊಂದು ಹಾಕು."

"ಕೇಳಿಸ್ತು!" ಎಂದ ಹುಡುಗ. "ಎಲ್ಲಾ ಕೇಳಿಸ್ತು ಮುಮ್ಮು! ಹೆಸರು ಹಿಡಿದು ಕರೆದ್ರಲ್ಲ, ತಿರುಗದೆ ಹೇಗಿರ್ಲಿ? ಪಟ್ಟಿ ಬಿಚ್ಚಿ ಚೀಲಕ್ಕೆ ಹಾಕಿದ್ದೆ, ಮುಖವಾಡ ಕೂರ್ತಿರ್ಲಿಲ್ಲ. ಸಿಕ್ಕಿಬಿದ್ದೆ ಅನ್ನಿಸ್ತು."

"ಗಲಾಟೇಲಿ ಕೇಳಲ್ಲ ಅಂದ್ಯಲ್ಲ?"

"ನೀವು ಬೇಜಾರು ಮಾಡ್ಕೊಳ್ತೀರ ಅಂತ ಅಂದೆ. ಕೇಳುತ್ತೆ. ಅದಕ್ಕೇ ನಮ್ಮ ಕೋಚ್ ಹತ್ತಿ ಕೊಟ್ಟಿದ್ದು."

ಅತ್ತೆ ಬಕೆಟ್ಟಿನ ಮೇಲೆ ನೆಟ್ಟಗಾದರು. "ಏನು ಕೊಟ್ಟಿದ್ದು?"

"ಹತ್ತಿ. ಕಿವಿಗೆ. ಈ ರಿಂಕಿಗೆ ಬರೋ ಗೋಲ್‌ಕೀಪರ್‌ಗಳೆಲ್ಲ ಹಾಕ್ಕೊಂಡೇ ಬರೋದು. ಕೂಟದ ಎಲ್ಲಾ ಕಾಲೇಜಿಗೂ ಗೊತ್ತು, ಹ್ಯಾಗರ್ಟಿಗೆ ಹೋದ್ರೆ ಹತ್ತಿ ಬೇಕು ಅಂತ. ಶುಕ್ರವಾರ ನೀವು ಏನೂ ಅನ್ಲಿಲ್ಲ, ನಿನ್ನೆ ಬರ್ಲೇ ಇಲ್ಲ. ಆ ಇನ್ನೊಬ್ಬ ಅಜ್ಜಿ ಕೂಗಿದ್ದು ಹತ್ತಿ ದಾಟಿ ಬರ್ಲಿಲ್ಲ. ಇವತ್ತು ನೀವು ನಂಗೇನೂ ಅನ್ನಲ್ಲ ಅಂತ ಗೊತ್ತಾಗಿ ಹತ್ತಿ ತೆಗ್ದು ಬಿಸಾಕಿದ್ದೆ."

"ಎಲ್ಲಾ ಕಾಲೇಜಿಗೂ ಗೊತ್ತಾ?"

"ಎಲ್ಲಾ ಕಾಲೇಜಿಗೂ. ಮುಮ್ಮು, ಬಾಗಿಲು ತೆಗೀರಿ, ಬೇಯ್ತಿದೀನಿ."

ಅತ್ತೆ ಬಾಗಿಲು ತೆಗೆಯುವುದನ್ನು ಮರೆತು ನನ್ನ ಕಡೆ ನೋಡಿದರು. ಅಂಥ ಮುಖವನ್ನು ನಾನು ಮತ್ತೆ ಕಂಡಿಲ್ಲ. ಒಂದು ಕಣ್ಣಲ್ಲಿ ನಾಚಿಕೆ, ಇನ್ನೊಂದರಲ್ಲಿ ಪಟ್ಟಾಭಿಷೇಕ. "ಹತ್ತಿ" ಎಂದರು ನನಗೆ, ಮೆಲ್ಲಗೆ.

ಹೊರಡುವಾಗ ಎರಡು ಏಲಕ್ಕಿ ಬ್ರೆಡ್ಡು ಸುತ್ತಿ ಅವನ ಕೈಗಿಟ್ಟು, ನೀಲಿ ಪಟ್ಟಿಯನ್ನು ಮತ್ತೆ ಕಟ್ಟಿದರು. "ಇವತ್ತು ನಿನಗೆ ನನ್ನಿಂದ ಅನ್ಯಾಯ ಆಯ್ತು" ಎಂದರು. "ಇನ್ಮೇಲೆ ಟೂರ್ನಿ ಹೊತ್ತಲ್ಲಿ ಈ ಮೆಟ್ಟಿಲು ಹತ್ಬೇಡ. ಬೇಸಿಗೇಲಿ ಬಾ, ಎಷ್ಟು ದಿನ ಬೇಕಾದ್ರೂ ಇರು. ಮಾರ್ಚಲ್ಲಿ ನಿಮ್ಮ ಕೋಚ್ ಬರ್ಲಿ, ಬಸ್ಸಿನ ಡ್ರೈವರ್ ಬರ್ಲಿ, ಗೋಲ್‌ಕೀಪರ್ ಮಾತ್ರ ಬೇಡ. ಗೋಲ್‌ಕೀಪರ್‌ಗೆ ಉಣ್ಣೋಕಿಟ್ಟು ನಾನು ಬದುಕೋಕಾಗಲ್ಲ."

"ಆಯ್ತು ಮುಮ್ಮು. ಮುಂದಿನ ವರ್ಷ ಬೈತೀರಾ?"

"ಹತ್ತಿ ಜಾಸ್ತಿ ತಗೊಂಡ್ ಬಾ."

ಬಸ್ಸು ಕಟುಕರ ಅಂಗಡಿಯ ತಿರುವು ದಾಟಿರಲಿಲ್ಲ, ಅತ್ತೆ ಬೂಟು ಹಾಕಿಕೊಂಡು ಎದುರುಮನೆಗೆ ಹೊರಟರು. ಮೊಣಕಾಲುದ್ದದ ಹಿಮ, ದಾರಿ ಕೂಡ ಇನ್ನೂ ಮಾಡಿರಲಿಲ್ಲ. ಬೀದಿಯ ನಡುವಿನಿಂದಲೇ ಶುರುಮಾಡಿದರು, ರಿಂಕಿನ ಧ್ವನಿಯಲ್ಲಿ.

"ಬ್ಲಾಂಚ್! ಏ ಬ್ಲಾಂಚ್! ಆಚೆ ಬಾ! ಹತ್ತಿ ಕಣೇ, ಹತ್ತಿ! ಎಲ್ಲಾ ಕಾಲೇಜಿನೋರೂ! ನಿನ್ನ ಕೂಗು ಹತ್ತಿ ದಾಟ್ಲಿಲ್ವಂತೆ!"

ಅವರು ಬಾಗಿಲಲ್ಲಿ ನಿಂತು ಕಥೆಯನ್ನೆಲ್ಲ ಎರಡು ಸಲ ಹೇಳಿದರು. ಮನೆಯಲ್ಲಿ ಒಂದು ವರ್ಷಕ್ಕೆ ಆಡುವಷ್ಟು ಮಾತು ಅದು. ಬ್ಲಾಂಚ್ ಬಾಗಿಲಿಗೆ ಒರಗಿ ಪೂರ್ತಿ ಕೇಳಿಸಿಕೊಂಡಳು. ಕೇಳಿಸಿಕೊಂಡು, ಕೈ ಚಾಚಿದಳು.

"ಆ ಹುಡುಗ ಒಂಚೂರು ಹತ್ತಿ ಬಿಟ್ಟು ಹೋಗಿದ್ರೆ ನಂಗೂ ಕೊಡು. ಪಕ್ಕದಲ್ಲಿ ಕೂರೋಳು ನಾನಲ್ವಾ."